ಗಾದ್ರಮ್ಮನ ಹೊಸ್ತಿಲಿಗೆ ಅರಿಶಿನ ಹಚ್ಚಿದವರು

ಗಾದ್ರಮ್ಮ ನಮ್ಮ ಜಗುಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, "ನರ್ಸಮ್ಮಾರೇ, ನನ್ನ ಮಗನ್ನ ಒಂದ್ಸಲ ನೀವೇ ಹೊರಗೆ ತೆಗೆದ್ರಿ. ಈಗ ಇನ್ನೊಂದ್ಸಲ ತೆಗೀಬೇಕು" ಎಂದಳು.

ಸಿದ್ದಲಿಂಗಮ್ಮನವರು ಅಡಕತ್ತರಿಯನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಹಣೆ ಬರಿದು, ಕೈ ಬರಿದು, ಕಣ್ಣೂ ಬರಿದು. ಗಂಡ ಸತ್ತು ಬಹಳ ವರ್ಷವಾಗಿತ್ತು. ಮಗಳು ಸತ್ತದ್ದು ಆ ಮಳೆಗಾಲದಲ್ಲಿ. ಈಗ ಉಳಿದಿದ್ದ ಒಬ್ಬ ಮಗ ಹನುಮಣ್ಣ ಕೊಲೆಯ ಆರೋಪದ ಮೇಲೆ ಹೊನ್ನಾಳಿ ಠಾಣೆಯಲ್ಲಿದ್ದ.

"ನಾಳೆ ಸಂಜೆ ಶಿವಮೊಗ್ಗಕ್ಕೆ ಒಯ್ತಾರಂತೆ. ಅಲ್ಲಿಗೆ ಹೋದೋನು ತಿರುಗಿ ಬರಾಕಿಲ್ಲ."

"ಅವನು ಮಾಡಿದ್ದಾನಾ?"

"ಇಲ್ಲ."

"ಮಾಡಬೇಕು ಅಂತಿದ್ನಾ?"

ಗಾದ್ರಮ್ಮ ತಲೆ ತಗ್ಗಿಸಲಿಲ್ಲ. "ಅವನೂ ಅಂತಿದ್ದ, ನಾನೂ ಅಂತಿದ್ದೆ. ಯಾರೋ ನಮಗಿಂತ ಮುಂಚೆ ಮಾಡಿದ್ರು."

"ಮೇಷ್ಟ್ರೇ, ಚಪ್ಪಲಿ ಮೆಟ್ಕೊಳ್ಳಿ" ಎಂದರು ಸಿದ್ದಲಿಂಗಮ್ಮನವರು ನನ್ನ ಕಡೆ ತಿರುಗಿ.

ನಾನು ಆಗ ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದೆ, ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ನಿವೃತ್ತ ಹೆರಿಗೆ ನರ್ಸು. ಊರಿನಲ್ಲಿ ಅವರು ಹಿತ್ತಲ ಬಾಗಿಲಿನಿಂದ ಹೊಕ್ಕಿರದ ಮನೆ ಇರಲಿಲ್ಲ. ಯಾವ ಮನೆಯಲ್ಲಿ ಯಾವ ದೇವರು, ಯಾವ ಒಲೆ, ಯಾವ ಜಗಳ ಎಂಬುದು ಅವರಿಗೆ ಗೊತ್ತಿತ್ತು. ಪೊಲೀಸರು ಕೈಚೆಲ್ಲಿದ ಕೆಲವು ಪ್ರಕರಣಗಳನ್ನು ಅವರು ಎಲೆಯಡಿಕೆ ಜಗಿಯುತ್ತಲೇ ಬಿಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಎಪ್ಪತ್ತೇಳರ ಚಳಿಗಾಲದ ಈ ಪ್ರಕರಣದಲ್ಲಿ ಕಂಡಷ್ಟು ಕಹಿಯನ್ನು ಬೇರೆ ಯಾವುದರಲ್ಲೂ ಕಾಣಲಿಲ್ಲ.

ಹಿನ್ನೆಲೆ ಊರಿಗೆಲ್ಲ ಗೊತ್ತಿದ್ದದ್ದೇ. ಸ್ವಂತ ಮನೆಯಿದ್ದೂ ಅದನ್ನು ರಿಪೇರಿ ಮಾಡಿಸಲು ಗತಿಯಿಲ್ಲದವರಿಗಾಗಿ ಊರಿನ ಹಿರಿಯರು ಸೇರಿ ಸೂರು ದುರಸ್ತಿ ಸಮಿತಿ ಎಂದು ಮಾಡಿದ್ದರು. ಸರ್ಕಾರದ ನೆರವಿನಿಂದ ಸುಣ್ಣ, ಹೆಂಚು, ಮರ, ಮೇಸ್ತ್ರಿಯ ಕೂಲಿ ಎಲ್ಲವನ್ನೂ ಸಮಿತಿಯೇ ಒದಗಿಸುತ್ತಿತ್ತು. ಕೆಲಸದ ಗುತ್ತಿಗೆ ಬಂಗಾರಪ್ಪನದು. ಕೆಲಸ ನೋಡಿ ಒಪ್ಪಿಗೆ ಕೊಡುವವನು ಓವರ್‌ಸಿಯರ್ ನಾಗರಾಜಪ್ಪ. ಹೊಳೆಬೀದಿಯ ಗಾದ್ರಮ್ಮನ ಮನೆಯ ಹಿಂಗೋಡೆಯನ್ನು ಬೇಸಿಗೆಯಲ್ಲಿ ಹೊಸದಾಗಿ ಕಟ್ಟಿಕೊಟ್ಟರು. ಬೆಳ್ಳಗೆ ಸುಣ್ಣ ಬಳಿದ ಆ ಗೋಡೆಯನ್ನು ನೋಡಲು ನೆರೆಹೊರೆಯವರು ಬಂದಿದ್ದರಂತೆ. ಮಳೆಗಾಲದಲ್ಲಿ ಅದು ಒಳಗೆ ಕುಸಿಯಿತು. ಗೋಡೆಯ ಮಗ್ಗುಲಿಗೆ ಮಲಗಿದ್ದ ಗಾದ್ರಮ್ಮನ ಮಗಳು ಬೊಮ್ಮಿ ಮತ್ತೆ ಏಳಲಿಲ್ಲ.

ಕಲ್ಲಿನ ನಡುವೆ ಗಾರೆ ಇರಲೇ ಇಲ್ಲ, ಬರೀ ಹೊಳೆಮಣ್ಣು ಎಂದು ಜನ ಆಡಿಕೊಂಡರು. ಬಂಗಾರಪ್ಪ ತಪ್ಪನ್ನು ಮೇಸ್ತ್ರಿ ಉಚ್ಚಂಗೆಪ್ಪನ ತಲೆಗೆ ಕಟ್ಟಿದ, ನಾಗರಾಜಪ್ಪ ಹೌದೆಂದ. ಹನುಮಣ್ಣ ಸಮಿತಿಯ ಕಚೇರಿಯ ಮುಂದೆ ನಿಂತು, "ಬಂಗಾರಪ್ಪಾ, ನೀನು ನುಂಗಿದ ಸುಣ್ಣದಾಗೇ ನಿನ್ನ ಹೂಳ್ತೀನಿ" ಎಂದು ಕೂಗಿದ್ದ. ಅವನ ತಾಯಿ ಹಿಡಿ ಮಣ್ಣು ತೂರಿ ಇನ್ನೊಂದು ಮಾತು ಆಡಿದ್ದಳು: "ನನ್ನ ಹೊಸ್ತಿಲಿಗೆ ಅರಿಶಿನ ಹಚ್ಚೋ ಕೈನ ನೀನು ತಿಂದೆ. ನಿನ್ನ ಹೆಣ ಬೀಳೋವರೆಗೂ ಅದು ಬರಿದಾಗೇ ಇರ್ತೈತೆ. ಬಿದ್ದ ದಿನ, ರಂಡೆಮುಂಡೆ ಆದ್ರೂ ಸರಿ, ನಾನೇ ಹಚ್ತೀನಿ."

ಮಂಗಳವಾರ ಬೆಳಿಗ್ಗೆ ಸಮಿತಿಯ ಸುಣ್ಣದ ಗುಂಡಿಯಲ್ಲಿ ಬಂಗಾರಪ್ಪನ ಹೆಣ ಸಿಕ್ಕಿತು. ಅದನ್ನು ಯಾರೂ ಕಾಣುವ ಮೊದಲೇ ಗಾದ್ರಮ್ಮನ ಹೊಸ್ತಿಲು ಅರಿಶಿನದಿಂದ ಹಳದಿಯಾಗಿತ್ತು.

ಹೊಳೆಬೀದಿಯ ಆ ಮನೆಯ ಮುಂದೆ ಸಬ್ ಇನ್ಸ್‌ಪೆಕ್ಟರ್ ಷಣ್ಮುಖಪ್ಪ ನಮ್ಮನ್ನು ಕಂಡು ನಕ್ಕರು. ಚನ್ನಗಿರಿಯಿಂದ ವರ್ಗವಾಗಿ ಬಂದ ಹೊಸಬರು, ಒರಟರಲ್ಲ.

"ಅಮ್ಮಾವ್ರೇ, ಇದ್ರಾಗೆ ನಿಮಗೆ ಕೆಲಸ ಇಲ್ಲ. ಕೊಲೆ ಆಗೈತೆ ಅಂತ ಊರಿಗೆ ಗೊತ್ತಾಗೋದ್ರೊಳಗೆ ಈ ಮನೆಗೆ ಗೊತ್ತಿತ್ತು. ಹೆಂಗೆ? ಮಗ ಬಂದು ಹೇಳಿದ, ತಾಯಿ ಹರಕೆ ತೀರಿಸಿದ್ಲು. ಮೇಲೆ ಇದು ನೋಡ್ರಿ."

ಹೊಸ್ತಿಲ ಮೇಲೆ ಹೊದಿಸಿದ್ದ ಗೋಣಿತಾಟನ್ನು ಎತ್ತಿದರು. ಒಣಗಿದ ಅರಿಶಿನದ ನಡುವೆ ಮೂರು ಬೆರಳು ಅಡ್ಡಕ್ಕೆ ಎಳೆದಂತೆ ಮೂರು ಕೆಂಪು ಪಟ್ಟೆಗಳಿದ್ದವು.

"ರಕ್ತ. ಬಂಗಾರಪ್ಪನ ನೆತ್ತಿ ಒಡೆದಿತ್ತು. ಮಗನ ಕೈಯಿಂದ ತಾಯಿ ಕೈಗೆ, ಅಲ್ಲಿಂದ ಇಲ್ಲಿಗೆ. ಫೋಟೋ ತೆಗೆಸೀನಿ. ಶಿವಮೊಗ್ಗದಿಂದ ಪರೀಕ್ಷೆಯೋರು ಬರೋವರೆಗೂ ಯಾರೂ ಮುಟ್ಟಂಗಿಲ್ಲ."

ಸಿದ್ದಲಿಂಗಮ್ಮನವರು ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. "ಸಾಹೇಬ್ರೇ, ಎರಡು ದಿನದ ರಕ್ತ ಹಿಂಗೆ ಕೆಂಪಗೆ ಇರ್ತೈತಾ? ನಾನು ಜೀವಮಾನ ಪೂರ್ತಿ ರಕ್ತ ಒರೆಸಿದೋಳು."

"ಅರಿಶಿನದ ಮೇಲೆ ಬಿದ್ರೆ ಇರಬಹುದು."

"ಉಗುರಿನಷ್ಟು ಕೆರೆದು ಕೊಡ್ರಿ. ನಮ್ಮ ಮೇಷ್ಟ್ರು ನೋಡ್ತಾರೆ."

ಷಣ್ಮುಖಪ್ಪ ಸ್ವಲ್ಪ ಹಿಂದೆ ಮುಂದೆ ನೋಡಿ, ಅಂಚಿನಿಂದ ಚೂರು ಕೆರೆದು ಕಾಗದದಲ್ಲಿ ಕಟ್ಟಿಕೊಟ್ಟರು.

ಎದುರು ಮನೆಯ ಉಡಚಮ್ಮ ಅಷ್ಟರಲ್ಲಿ ತಾನಾಗಿಯೇ ಬಂದು ನಿಂತಿದ್ದಳು. ಪೊಲೀಸರಿಗೆ ಸಾಕ್ಷಿ ಹೇಳಿದವಳು ಅವಳೇ.

"ನಾನು ಕಂಡಿದ್ದು ಕಂಡಂಗೆ ಹೇಳೀನ್ರೀ. ಇನ್ನೂ ಮಬ್ಬು ಬೆಳಕು. ನಮ್ಮ ಎಮ್ಮೆಗೆ ಹುಲ್ಲು ಹಾಕಾಕೆ ಎದ್ದಿದ್ದೆ. ಈ ಕಡೆ ಬಳೆ ಸದ್ದು ಕೇಳಿಸ್ತು. ಕಿಂಡಿಯಾಗೆ ನೋಡಿದ್ರೆ ಗಾದ್ರಮ್ಮ ಬಗ್ಗಿ ಹೊಸ್ತಿಲಿಗೆ ಹಚ್ಚಾಕೆ ಹತ್ತಿದ್ಲು."

"ಮುಖ ನೋಡಿದ್ಯಾ?"

"ಮುಖ ಯಾಕೆ ನೋಡ್ಬೇಕ್ರೀ? ಅವಳ ಹೊಸ್ತಿಲಿಗೆ ನಾನು ಹಚ್ತೀನಾ?"

"ನೀನು ಹಚ್ಚಾಕಿಲ್ಲ ಬಿಡು. ನಿನ್ನ ಹೊಸ್ತಿಲಿಗೇ ನೀನು ಹಚ್ಚಿದ್ದು ನಾನು ಕಂಡಿಲ್ಲ" ಎಂದರು ಸಿದ್ದಲಿಂಗಮ್ಮನವರು. ಉಡಚಮ್ಮನ ಮುಖ ದಪ್ಪಗಾಯಿತು.

ನಾವು ಒಳಗೆ ಹೋದೆವು. ಕುಸಿದ ಹಿಂಗೋಡೆಯ ಜಾಗಕ್ಕೆ ಬಿದಿರು ತಟ್ಟಿ ಕಟ್ಟಿದ್ದರು. ಗೂಟಕ್ಕೆ ನೇತುಹಾಕಿದ್ದ ಒಂದು ಹುಡುಗಿಯ ಲಂಗ ನನ್ನ ಕಣ್ಣಿಗೂ ಬಿತ್ತು. ಜರಿಯಂಚಿನ ಹೊಸ ಲಂಗ. ಈ ಮನೆಗೆ ಸೇರಿದ್ದಲ್ಲ ಎನ್ನಿಸುವಂಥದು.

"ಇದನ್ನ ಯಾರು ಹೊಲಿಸಿದ್ದು?" ಎಂದರು ಸಿದ್ದಲಿಂಗಮ್ಮನವರು.

"ಬಂಗಾರಪ್ಪನ ಹೆಂಡ್ತಿ, ಕಸ್ತೂರಮ್ಮ" ಎಂದಳು ಗಾದ್ರಮ್ಮ. "ಬೊಮ್ಮಿ ಅವರ ಮನೆಗೆ ಕಸ ಮುಸುರೆಗೆ ಹೋಗ್ತಿದ್ಲಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚೋಳು, ಉಣ್ಣಾಕೆ ಇಕ್ಕೋಳು. ಒಂದೊಂದು ದಿನ ನನ್ನ ಮಗಳು ನನ್ನ ಹತ್ರಾನೇ ಬರಾಕೆ ಒಲ್ಲೆ ಅನ್ನೋಳು. ಆ ಮನೆಯಾಗೆ ಅಂಥಾ ಗಂಡ, ಇಂಥಾ ಹೆಂಡ್ತಿ."

"ಹನುಮಣ್ಣ ಸೋಮವಾರ ಸಂಜೆ ಎಲ್ಲಿದ್ದ?"

"ನ್ಯಾಮತಿಗೆ ಹೋಗಿದ್ದ, ಕುರಿ ನೋಡಾಕೆ. ನಡ್ಕೊಂಡೇ ಬಂದ. ದಾರಿಯಾಗೆ ಯಾರೂ ಸಿಗಲಿಲ್ಲ ಅಂತಾನೆ. ಬಂದೋನು ಉಂಡು ಬಿದ್ಕೊಂಡ. ಬೆಳಿಗ್ಗೆ ನಾನು ಬಾಗಿಲು ತೆಗೆದ್ರೆ ಹೊಸ್ತಿಲು ಹಿಂಗಿತ್ತು. ಉಡಚಿ ನನ್ನ ಅಣಕ ಮಾಡಾಕೆ ಮಾಡಿದ್ಲು ಅಂತ ತಿಳ್ಕೊಂಡೆ."

ಸಮಿತಿಯ ಸಾಮಾನಿನ ಅಂಗಳ ಬಂಗಾರಪ್ಪನ ಮನೆಯ ಹಿಂದೆಯೇ ಇತ್ತು. ಬೇಲಿಯಲ್ಲಿ ಒಂದು ದಣಪೆ, ಅದನ್ನು ದಾಟಿದರೆ ಅವನ ಹಿತ್ತಲು. ಮೇಸ್ತ್ರಿ ಉಚ್ಚಂಗೆಪ್ಪ ಗುಂಡಿಯ ಪಕ್ಕ ಬೀಡಿ ಸೇದುತ್ತ ಕುಳಿತಿದ್ದ. ಬಂಗಾರಪ್ಪನ ಮಾತಿನಿಂದ ಅವನಿಗೆ ಊರಿನಲ್ಲಿ ಯಾರೂ ಕೆಲಸ ಕೊಡುತ್ತಿರಲಿಲ್ಲ. ಕೊನೆಗೆ ಬಂಗಾರಪ್ಪನೇ ಸುಣ್ಣ ಕದಡುವ ಕೂಲಿ ಕೊಟ್ಟಿದ್ದ. ಹೆಣವನ್ನು ಮೊದಲು ಕಂಡವನೂ ಅವನೇ.

"ಸುಣ್ಣದ ಗಾಡಿ ಬುಧವಾರಕ್ಕೆ ಬರಬೇಕಿತ್ತು. ಸೋಮವಾರ ಸಂಜೆನೇ ಬಂತಂತೆ" ಎಂದ. "ನಾನಿರಲಿಲ್ಲ, ಕತ್ತಲಗೆರೆಗೆ ಹೋಗಿದ್ದೆ. ಗಾಡಿಯೋನು ಗುಂಡಿಗೆ ಸುರಿದು, ಬಂಗಾರಪ್ಪನ ಮನೆ ಬಾಗಿಲಿಗೆ ಕೂಗಿ ಹೇಳಿ ಹೋದನಂತೆ. ಇವನೇ ಬಂದು ನೀರು ಬಿಟ್ಟಿದಾನೆ. ಹಸಿ ಸುಣ್ಣಕ್ಕೆ ನೀರು ಬಿಟ್ರೆ ಅದು ಕುದೀತೈತಲ್ರೀ, ಅನ್ನದ ಗುಂಡಾಲದಂಗೆ. ಬಗ್ಗಿ ನೋಡೋ ಹೊತ್ತಿಗೆ ಯಾರೋ ಸುಣ್ಣ ಕದಡೋ ಕೋಲಿಂದಾನೇ ನೆತ್ತಿಗೆ ಇಕ್ಕಿ ದಬ್ಬಿದಾರೆ."

"ದಬ್ಬಿದೋರಿಗೆ ಹಾರಲ್ವಾ ಅದು?"

"ಹಾರದೆ?" ಉಚ್ಚಂಗೆಪ್ಪ ತನ್ನ ಮುಂಗೈ ಚಾಚಿ ತೋರಿಸಿದ. ಹಳೆಯ ಸಿಡುಬಿನ ಕಲೆಗಳಂತೆ ಸಣ್ಣ ಸಣ್ಣ ಬಿಳಿ ಗುಳಿಗಳು ತುಂಬಿದ್ದವು. "ಎಲ್ಲಿ ಬಿತ್ತೋ ಅಲ್ಲಿ ತೂತು. ನಿಮ್ಮ ಮುಂದೆ ಯಾಕೆ ಮುಚ್ಚಿಡ್ಲಿ ನರ್ಸಮ್ಮಾರೇ? ಅವನು ಸತ್ತಿದ್ದಕ್ಕೆ ನಾನು ಅಳಲಿಲ್ಲ. ಹೆಣ ಎತ್ತೋವಾಗ ಒಂದ್ಸಲ ಉಗುಳಿದೆ."

ನಾನು ಅವನ ಕೈಯನ್ನೇ ನೋಡಿದೆ. ಕೆಲವು ಗುಳ್ಳೆಗಳು ಹೊಸವು.

ಬಂಗಾರಪ್ಪನ ಮನೆಯಲ್ಲಿ ಕಸ್ತೂರಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಹಣೆಯ ತುಂಬ ವಿಭೂತಿ, ಕೈಗಳಲ್ಲಿ ಬಳೆಯಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ತೆಗೆಸಿದ್ದರು. ಬಲಗೈಗೆ ಬಟ್ಟೆ ಸುತ್ತಿತ್ತು.

"ಏನಾತು ಕಸ್ತೂರಿ?"

"ರೊಟ್ಟಿ ಹಂಚು ತಗುಲ್ತು, ನರ್ಸಕ್ಕ."

"ಬಿಚ್ಚು, ನೋಡ್ತೀನಿ. ನಿನ್ನ ಮೂರು ಹೆರಿಗೆಗೂ ನಾನೇ ಕೂತೋಳು, ನನ್ನ ಮುಂದೆ ಏನು ನಾಚ್ಕೆ?"

ಆ ಮೂರರಲ್ಲಿ ಒಂದು ಕೂಸೂ ಉಸಿರಾಡಿರಲಿಲ್ಲ ಎಂಬುದನ್ನು ಅವರು ನನಗೆ ಆಮೇಲೆ ಹೇಳಿದರು. ಕಸ್ತೂರಮ್ಮ ತಡೆಯಲಿಲ್ಲ. ಸಿದ್ದಲಿಂಗಮ್ಮನವರು ಬಟ್ಟೆ ಸರಿಸಿ ನೋಡಿ, ಕೊಬ್ಬರಿ ಎಣ್ಣೆ ಸವರಿ, ಮತ್ತೆ ಸುತ್ತಿದರು. ನಾನು ಕುಳಿತಲ್ಲಿಗೆ ಕಂಡದ್ದು ಇಷ್ಟೇ: ಮುಂಗೈ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆಗಳು.

ನಾವು ಏಳುವಾಗ ಅವಳು ಒಂದೇ ಒಂದು ಮಾತು ಕೇಳಿದಳು. "ಊರೆಲ್ಲ ಬಂದು ಮಾತಾಡಿಸಿಕೊಂಡು ಹೋತು. ಓವರ್‌ಸಿಯರ್ ನಾಗರಾಜಪ್ಪನೋರು ಯಾಕೆ ಬರಲಿಲ್ಲ ನರ್ಸಕ್ಕ? ನಮ್ಮನೆಯೋರಿಗೆ ಅಷ್ಟು ಬೇಕಾದೋರು. ಒಂದ್ಸಲ ಬರಾಕೆ ಹೇಳ್ರಿ."

"ಹೇಳ್ತೀನಿ" ಎಂದರು ಸಿದ್ದಲಿಂಗಮ್ಮನವರು.

ಮನೆಗೆ ಬಂದು ನಾನು ಕಾಗದ ಬಿಚ್ಚಿದೆ. ಕೆಂಪು ಪುಡಿಯನ್ನು ಬಿಳಿ ತಟ್ಟೆಯಲ್ಲಿಟ್ಟು ನಿಂಬೆಹುಳಿ ಹಿಂಡಿದೆ. ನೋಡನೋಡುತ್ತಿದ್ದಂತೆ ಅದು ಹಳದಿಗೆ ತಿರುಗಿತು.

"ರಕ್ತ ಅಲ್ಲವೇ ಅಲ್ಲ" ಎಂದೆ ಉತ್ಸಾಹದಿಂದ. "ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಆಮ್ಲ ಬಿದ್ದರೆ ಮತ್ತೆ ಹಳದಿ. ಆರತಿಯ ನೀರಿನ ಹಾಗೆ. ಹಚ್ಚಿದವರ ಬೆರಳಿಗೆ ಸುಣ್ಣ ಮೆತ್ತಿತ್ತು! ಹುಡುಗರಿಗೆ ಪಾಠ ಹೇಳಿದ ಹಾಗೆ ಹೇಳುತ್ತಿದ್ದೇನೆ, ಕ್ಷಮಿಸಿ. ಆದರೆ ಸುಣ್ಣದ ಕೈ ಅಂದರೆ ಉಚ್ಚಂಗೆಪ್ಪ. ಅವನ ಮುಂಗೈಯಲ್ಲಿ ಹೊಸ ಗುಳ್ಳೆಗಳಿದ್ದವು."

"ಹೆಣ ಎತ್ತಿದೋನಿಗೆ ಗುಳ್ಳೆ ಏಳದೆ ಏನು, ಹೂ ಅರಳ್ತಾವಾ?" ಎಂದು ಅವರು ಎಲೆಗೆ ಸುಣ್ಣ ಹಚ್ಚಿದರು. "ಬೆರಳಿಗೆ ಸುಣ್ಣ ಮೆತ್ತಿದ್ರೆ ಹೊಸ್ತಿಲು ಪೂರ್ತಿ ಕೆಂಪಾಗಬೇಕಿತ್ತು ಮೇಷ್ಟ್ರೇ. ನಡುವೆ ನೀಟಾಗಿ ಮೂರೇ ಪಟ್ಟೆ ಯಾಕೆ?"

ಅವರು ಎದ್ದು ದೇವರ ಮನೆಗೆ ಹೋದರು. ಹೊರಗೆ ಬಂದವರು ಷಣ್ಮುಖಪ್ಪನವರಿಗೆ ಹೇಳಿಕಳಿಸಿದರು: ನಾಳೆ ಮಧ್ಯಾಹ್ನ ಬಂಗಾರಪ್ಪನ ಪಡಸಾಲೆಯಲ್ಲಿ ಎಲ್ಲರೂ ಸೇರಬೇಕು, ನಾಗರಾಜಪ್ಪ ತಪ್ಪಿಸಿಕೊಳ್ಳಬಾರದು.

ಮರುದಿನ ಎಲ್ಲರೂ ಬಂದರು. ಷಣ್ಮುಖಪ್ಪ ಕುರ್ಚಿಯಲ್ಲಿ, ನಾಗರಾಜಪ್ಪ ಜಮಖಾನೆಯ ತುದಿಯಲ್ಲಿ ಕರ್ಚೀಫಿನಿಂದ ಕತ್ತೊರೆಸುತ್ತ, ಉಚ್ಚಂಗೆಪ್ಪ ಬಾಗಿಲ ಬಳಿ, ಉಡಚಮ್ಮ ಎಲ್ಲರಿಗಿಂತ ಮುಂದೆ. ಗಾದ್ರಮ್ಮ ಒಳಗೆ ಬರಲು ಒಪ್ಪದೆ ಮೆಟ್ಟಿಲ ಮೇಲೆ ನಿಂತಳು. ಸಿದ್ದಲಿಂಗಮ್ಮನವರು ನೇರ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಕಸ್ತೂರಮ್ಮ ಮಜ್ಜಿಗೆಯ ಲೋಟಗಳನ್ನು ತಂದಳು. ತಟ್ಟೆಯನ್ನು ಎಲ್ಲರ ಮುಂದಿಟ್ಟು, ಒಂದು ಲೋಟವನ್ನು ಮಾತ್ರ ತಾನೇ ಎತ್ತಿ ನಾಗರಾಜಪ್ಪನ ಮುಂದಿಟ್ಟಳು.

"ಕುಡೀರಿ. ಬಿಸಿಲಾಗೆ ಬಂದೀರಿ."

ಸಿದ್ದಲಿಂಗಮ್ಮನವರು ಅವಳ ಹಿಂದೆಯೇ ಬಂದು ಕಂಬದ ಪಕ್ಕ ಕುಳಿತರು.

"ಸಾಹೇಬ್ರೇ, ನೀವು ಹಿಡಿದ ದಾರಿ ಸರಿಯಾಗೇ ಇತ್ತು" ಎಂದು ಶುರುಮಾಡಿದರು. "ಹೆಣ ಸಿಗೋಕ್ಕಿಂತ ಮುಂಚೆ ಹೊಸ್ತಿಲಿಗೆ ಅರಿಶಿನ ಬಿದ್ದೈತೆ. ಹಚ್ಚಿದೋರಿಗೆ ಸಾವು ಗೊತ್ತಿತ್ತು. ಅಲ್ಲಿಗೆ ಸರಿ. ಹಚ್ಚಿದೋಳು ಗಾದ್ರಮ್ಮ ಅಂದ್ರಲ್ಲ, ಅಲ್ಲಿ ಎಡವಿದ್ರಿ. ಉಡಚಮ್ಮಾ, ನೀನು ಮೊದ್ಲು ನೋಡಿದ್ಯೋ, ಕೇಳಿದ್ಯೋ?"

"ಬಳೆ ಸದ್ದು ಕೇಳಿದೆ. ಆಮೇಲೆ ನೋಡಿದೆ. ಎಷ್ಟು ಸಲ ಹೇಳ್ಬೇಕ್ರೀ?"

"ಗಾದ್ರಮ್ಮಾ, ಕೈ ಎತ್ತು."

ಮೆಟ್ಟಿಲ ಮೇಲಿಂದ ಎರಡು ಬರಿಗೈಗಳು ಮೇಲೆದ್ದವು. ಉಡಚಮ್ಮ ಕತ್ತು ಉದ್ದ ಮಾಡಿ ಆ ಕೈಗಳನ್ನು ನೋಡಿದಳು.

"ಮುಖ ಕಾಣಲಿಲ್ಲ. ಗಾದ್ರಮ್ಮನ ಹೊಸ್ತಿಲ ಮುಂದೆ ಬಗ್ಗಿದ್ದ ಬೆನ್ನು ಗಾದ್ರಮ್ಮಂದೇ ಅಂತ ಇವಳು ತಿಳ್ಕೊಂಡ್ಲು. ಆದ್ರೆ ಅವತ್ತು ಬೆಳಿಗ್ಗೆ ಆ ಕೈಯಾಗೆ ಗಾಜಿನ ಬಳೆ ಇದ್ವು. ಅಲ್ಲಿಗೆ ಗಂಡಸೂ ಅಲ್ಲ, ಉಚ್ಚಂಗೆಪ್ಪನೂ ಅಲ್ಲ. ಇನ್ನು ರಕ್ತದ ಮಾತು. ಮೇಷ್ಟ್ರೇ, ಹೇಳ್ರಿ."

ನಾನು ನಿಂಬೆಹುಳಿಯ ಪರೀಕ್ಷೆಯನ್ನು ವಿವರಿಸಿದೆ. ಷಣ್ಮುಖಪ್ಪ ಹುಬ್ಬು ಗಂಟಿಕ್ಕಿದರು. "ಹಂಗಾದ್ರೆ ಸುಣ್ಣ?"

"ನಮ್ಮ ಮೇಷ್ಟ್ರೂ ಹಂಗೇ ಅಂದ್ರು." ಸಿದ್ದಲಿಂಗಮ್ಮನವರು ಮಡಿಲಿನಿಂದ ವಿಭೂತಿಯ ಗಟ್ಟಿ ತೆಗೆದರು. ನನ್ನಿಂದ ಅರಿಶಿನ ಬಳಿದ ಮಣೆಯನ್ನು ತರಿಸಿ, ಮೂರು ಬೆರಳಿಗೆ ನೀರಲ್ಲಿ ತೇಯ್ದ ವಿಭೂತಿ ಹಚ್ಚಿಕೊಂಡು ಹಸಿ ಅರಿಶಿನದ ಮೇಲೆ ಅಡ್ಡಕ್ಕೆ ಎಳೆದರು. ಬೂದುಬಣ್ಣದ ಮೂರು ಗೆರೆಗಳು ನಿಧಾನವಾಗಿ ಕೆಂಪಾದವು. ಸಗಣಿಯ ಬೂದಿಯಲ್ಲಿ ಕ್ಷಾರವಿರುತ್ತದೆ ಎಂದು ಪ್ರತಿ ವರ್ಷ ಪಾಠ ಹೇಳುವ ನನಗೆ ಇದು ಹೊಳೆದಿರಲಿಲ್ಲ.

"ನಮ್ಮ ಲಿಂಗವಂತರ ಮನೆಯಾಗೆ ಹೊಸ್ತಿಲಿಗೆ ಅರಿಶಿನ ಹಚ್ಚಿದ ಮೇಲೆ ಕೈ ತಾನಾಗೇ ವಿಭೂತಿ ಎಳೀತೈತೆ. ನನ್ನ ಕೈನೂ ಹಂಗೇ. ಗಾದ್ರಮ್ಮ ಜಗಳೂರು ಕಡೆಯೋಳು, ಅವರ ಮನೆಯಾಗೆ ಆ ಪದ್ಧತಿ ಇಲ್ಲ, ವಿಭೂತಿನೇ ಇಲ್ಲ. ಅವತ್ತು ಹಚ್ಚಿದ ಮುತ್ತೈದೆ ಬೇರೆಯೋರ ಹೊಸ್ತಿಲು ಅನ್ನೋದು ಮರೆತು ತನ್ನ ಮನೆಯಾಗೆ ಮಾಡಿದಂಗೇ ಮಾಡಿದ್ಲು."

"ಅಂಥೋರು ಊರಾಗೆ ಎಷ್ಟು ಮಂದಿ ಇಲ್ಲ, ಅಮ್ಮಾವ್ರೇ" ಎಂದರು ಷಣ್ಮುಖಪ್ಪ. ಆದರೆ ಅವರ ದನಿ ಇಳಿದಿತ್ತು.

"ಅದಕ್ಕೇ ಗುಂಡಿ ಕಡೆ ಹೋದೆ. ಸುಣ್ಣದ ಗಾಡಿ ಹೇಳಿದ ದಿನ ಬರಲಿಲ್ಲ, ಮುಂಚೆನೇ ಬಂತು. ಬಂಗಾರಪ್ಪ ಆ ಸಂಜೆ ಗುಂಡಿ ಹತ್ರ ಒಬ್ಬನೇ ಇರ್ತಾನೆ ಅಂತ ಯಾರಿಗೆ ಗೊತ್ತಿತ್ತು? ಗಾಡಿಯೋನು ಕೂಗಿದ್ದು ಈ ಬಾಗಿಲಿಗೆ. ನ್ಯಾಮತಿಯಿಂದ ನಡೆದು ಬರ್ತಿದ್ದ ಹನುಮಣ್ಣನ ಕಿವಿಗೆ ಅದು ಬೀಳಾಕಿಲ್ಲ. ಹಿತ್ತಲ ದಣಪೆ ದಾಟಿದ್ರೆ ಗುಂಡಿ. ಬೀದಿಗೆ ಕಾಲಿಡೋದೇ ಬೇಡ. ಕಡೇದು ಈ ಕೈ. ರೊಟ್ಟಿ ಹಂಚು ಸುಟ್ರೆ ಒಂದು ಬರೆ ಬೀಳ್ತೈತೆ. ಚುಕ್ಕೆ ಚುಕ್ಕೆಯಾಗಿ ತೂತು ಬೀಳೋದು ಕುದಿಯೋ ಸುಣ್ಣ ಹಾರಿದ್ರೆ." ಅವರು ತಲೆಯೆತ್ತದೆಯೇ ಹೇಳಿದರು, "ಕಸ್ತೂರಿ, ಮುಂದಿಂದು ನೀನೇ ಹೇಳ್ತೀಯೋ, ನಾನೇ ಹೇಳ್ಲೋ?"

ಕಸ್ತೂರಮ್ಮ ನಾಗರಾಜಪ್ಪನ ಮುಂದಿದ್ದ ಲೋಟವನ್ನೇ ನೋಡುತ್ತಿದ್ದಳು.

"ಆ ಗೋಡೆಗೆ ಸುಣ್ಣ ಹಾಕಿಸ್ರಿ ಅಂತ ಕಾಲು ಹಿಡಿದಿದ್ದೆ" ಎಂದಳು. "ಕೂಸು ಆ ಗೋಡೆ ಮಗ್ಗುಲಾಗೆ ಮಲಗ್ತೈತೆ ಅಂದೆ. ನಕ್ಕ. ಅದು ಸತ್ತ ಮೇಲೂ ನಕ್ಕ. ಕೆಲಸದೋಳು ಇನ್ನೊಬ್ಳು ಸಿಗ್ತಾಳೆ ಬಿಡು ಅಂದ. ನನ್ನ ಹೊಟ್ಟೆಯಾಗೆ ಮೂರು ಸತ್ವು, ಆಗ ಯಾರನ್ನ ಬೈಯ್ಯಬೇಕು ಅಂತ ಗೊತ್ತಿರಲಿಲ್ಲ. ನಾಲ್ಕನೇದಕ್ಕೆ ಗೊತ್ತಿತ್ತು. ಅವತ್ತು ಗುಂಡಿ ಕುದೀತಿತ್ತು. ಸುಣ್ಣ ಹೆಂಗೈತೆ ನೋಡು, ಬೆಣ್ಣೆ ಆಗ್ತೈತೆ ಅಂದ. ಅವನನ್ನೂ ಅದ್ರಾಗೇ ಬೆಣ್ಣೆ ಆಗೋಕೆ ಬಿಟ್ಟೆ."

"ಅರಿಶಿನ?" ಎಂದು ಷಣ್ಮುಖಪ್ಪ ಮೆಲ್ಲಗೆ ಕೇಳಿದರು.

"ಗಾದ್ರಮ್ಮಗೆ ತಿಳೀಲಿ ಅಂತ. ಸಾಲ ತೀರ್ತು ಅಂತ. ನನ್ನ ಕೈಯಾಗೆ ಬಳೆ ಇರೋ ಕಡೇ ಬೆಳಿಗ್ಗೆ ಅದು. ಅದೇ ಹನುಮಣ್ಣನ ಕೊರಳಿಗೆ ಹಗ್ಗ ಆಗ್ತೈತೆ ಅಂತ ಹೊಳೀಲಿಲ್ಲ."

"ಹೊಳೆದ ಮೇಲೆ?" ಗಾದ್ರಮ್ಮ ಮೆಟ್ಟಿಲು ಬಿಟ್ಟು ಒಳಗೆ ಬಂದಿದ್ದಳು. "ನನ್ನ ಮಗನ್ನ ಒದ್ದುಕೊಂಡು ಹೋದ ಮೇಲೆ? ಎರಡು ದಿನ ಬಾಯಿ ಹೊಲಿದುಕೊಂಡು ಕೂತಿದ್ಯಲ್ಲ! ನನ್ನ ಮಗಳ ಹೆಸರಾಗೆ ನನ್ನ ಮಗನ್ನ ಕೊಡ್ತಿದ್ದೆಯಾ?"

"ಇನ್ನೊಬ್ಬ ಉಳಿದಿದ್ದ" ಎಂದಳು ಕಸ್ತೂರಮ್ಮ. "ಇವನದು ಮುಗಿಸಿ ನಾನೇ ಠಾಣೆಗೆ ಬರ್ತಿದ್ದೆ."

ನಾಗರಾಜಪ್ಪನ ಕಿವಿಗೆ ಅವಳ ಮಾತು ಬೀಳುವ ಮೊದಲೇ ಲೋಟ ಬಾಯಿಗೆ ಹೋಗಿತ್ತು. ಕೊಲೆಗಾರ್ತಿ ಸಿಕ್ಕಳು, ತನ್ನ ಹೆಸರು ಬರಲಿಲ್ಲ ಎಂಬ ಸಮಾಧಾನದಲ್ಲಿ, ಒಣಗಿದ ಗಂಟಲಿಗೆ ಅವನು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಸುರಿದುಕೊಂಡಿದ್ದ. ಕಸ್ತೂರಮ್ಮ ಮೊದಲ ಸಲ ನಕ್ಕಳು.

"ಕುಡಿದ" ಎಂದಳು.

"ಏನು ಬೆರೆಸಿದ್ದೆ?" ಎಂದು ಸಿದ್ದಲಿಂಗಮ್ಮನವರು ಕೇಳಿದರು.

"ತೋಟಕ್ಕೆ ಹೊಡೆಯೋ ಔಷಧಿ."

ಲೋಟ ಉರುಳಿತು. ನಾಗರಾಜಪ್ಪ ಎರಡೂ ಕೈಯಿಂದ ಗಂಟಲು ಹಿಡಿದು ಜಮಖಾನೆಯ ಮೇಲೆ ಮೊಣಕಾಲೂರಿದ. "ಜೀಪು! ಆಸ್ಪತ್ರೆಗೆ! ನರ್ಸಮ್ಮಾ, ಏನಾದ್ರೂ ಮಾಡ್ರೀ!"

ಷಣ್ಮುಖಪ್ಪ ಎದ್ದರು. ಸಿದ್ದಲಿಂಗಮ್ಮನವರು ಕೈ ಅಡ್ಡ ಹಿಡಿದು ಅವರನ್ನು ತಡೆದರು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಗಡಸುತನವಿತ್ತು.

"ವಾಂತಿ ಮಾಡಿಸಾಕೆ ನನಗೆ ಗೊತ್ತೈತೆ ನಾಗರಾಜಪ್ಪ. ಹೊತ್ತೂ ಐತೆ. ಮೊದ್ಲು ಒಂದು ಹೇಳು. ಆ ಗೋಡೆಗೆ ಸುಣ್ಣ ಬಂದಿತ್ತಾ?"

"ಬಂದಿರಲಿಲ್ಲ! ಒಂದು ಬುಟ್ಟಿನೂ ಬಂದಿರಲಿಲ್ಲ! ಬಂಗಾರಪ್ಪ ಬೇರೆ ಕಡೆ ಮಾರಿದ."

"ಮೇಸ್ತ್ರಿ?"

"ಉಚ್ಚಂಗೆಪ್ಪ ಸುಣ್ಣ ಕೊಡ್ರಿ ಅಂತ ಕೇಳಿದ. ಹೊಳೆಮಣ್ಣಾಗೆ ಕಟ್ಟು, ಬಾಯಿ ಮುಚ್ಚು ಅಂದೋನು ನಾನೇ. ಮೇಲೆ ಬಳಿಸಿ ಮುಚ್ಚಿಸಿದ್ದೂ ನಾನೇ. ಬೀಳ್ತೈತೆ ಅಂತ ಗೊತ್ತಿತ್ತು... ಇಷ್ಟು ಬೇಗ ಬೀಳ್ತೈತೆ ಅಂತ ಗೊತ್ತಿರಲಿಲ್ಲ... ನರ್ಸಮ್ಮಾ, ಹೊಟ್ಟೆ ಉರೀತೈತೆ!"

"ಇನ್ನೆಷ್ಟು ಗೋಡೆ?"

ಅವನು ಅಳುತ್ತ ಮನೆಗಳನ್ನು ಹೆಸರಿಸಿದ. ಸಾಸ್ವೆಹಳ್ಳಿ ರಸ್ತೆಯವು, ಹೊಳೆಬೀದಿಯವು, ಕೆಳಗಿನ ಪೇಟೆಯವು. ಆ ಗೋಡೆಗಳ ಮಗ್ಗುಲಿಗೆ ಅಂದು ರಾತ್ರಿಯೂ ಮಕ್ಕಳು ಮಲಗುವವರಿದ್ದರು. ಉಚ್ಚಂಗೆಪ್ಪ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತುಬಿಟ್ಟಿದ್ದ.

"ಸಾಹೇಬ್ರು ಕೇಳಿದ್ರಲ್ಲ?"

"ಕೇಳಿದೆ" ಎಂದರು ಷಣ್ಮುಖಪ್ಪ. "ಈಗಾದ್ರೂ ಜೀಪಿಗೆ ಹಾಕೋಣ್ರೀ, ಸಾಯ್ತಾನೆ."

"ಮಜ್ಜಿಗೆ ಕುಡಿದು ಯಾರೂ ಸಾಯಲ್ಲ." ಸಿದ್ದಲಿಂಗಮ್ಮನವರು ಕಾಲು ನೀವಿಕೊಳ್ಳುತ್ತ ಎದ್ದರು. "ಗಂಡ ಸತ್ತ ಮನೆಯಾಗೆ ಕೂತೋಳು ಬೇರೆ ಯಾರನ್ನೂ ಕೇಳದೆ ಇವನನ್ನೇ ಕರೀರಿ ಅಂದಾಗ ನನಗೆ ಎದೆ ಧಸಕ್ ಅಂದಿತ್ತು. ಅದಕ್ಕೇ ಅಡುಗೆಮನೆಗೆ ಹೋಗಿ ಕಣ್ಣಿಟ್ಟು ಕೂತೆ. ಒಂದೇ ಲೋಟಕ್ಕೆ ವಾಸನೆ ಮುಚ್ಚಾಕೆ ಶುಂಠಿ ಇಂಗು ಜಾಸ್ತಿ ಬಿತ್ತು. ಇವಳು ತಟ್ಟೆ ತರಾಕೆ ತಿರುಗಿದಾಗ ಲೋಟ ಬದಲಾಯಿಸಿದೆ. ಅವಳು ಬೆರೆಸಿದ್ದು ಒಳಗೆ ಗೂಡಿನಾಗೆ ಮುಚ್ಚಿಟ್ಟೀನಿ, ತಗೊಳ್ರಿ."

ಗಂಟಲಿನ ಮೇಲಿದ್ದ ನಾಗರಾಜಪ್ಪನ ಕೈ ಹಾಗೆಯೇ ನಿಂತಿತು. ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರೂ ಅವನತ್ತ ಕೈ ಚಾಚಲಿಲ್ಲ. ಉಡಚಮ್ಮನೂ ಸೆರಗು ಎಳೆದುಕೊಂಡು ದೂರ ಸರಿದಳು. ಷಣ್ಮುಖಪ್ಪ ಅವನ ತೋಳು ಹಿಡಿದು ಎಬ್ಬಿಸಿದರು, ಆಸ್ಪತ್ರೆಗಲ್ಲ.

ಕುಸಿದದ್ದು ಕಸ್ತೂರಮ್ಮ. ಕೊಲೆಯನ್ನು ಒಪ್ಪಿಕೊಂಡಾಗ ನೆಟ್ಟಗೆ ನಿಂತಿದ್ದವಳು ಈಗ ಕಂಬಕ್ಕೆ ಒರಗಿ ಕೆಳಗೆ ಜಾರಿದಳು. "ನೀವು ಅವನನ್ನ ಉಳಿಸಿಬಿಟ್ರಿ, ನರ್ಸಕ್ಕ" ಎಂದಳು.

"ಬದುಕಲಿ. ಕೋರ್ಟಿನಾಗೆ ಊರಿನ ಮುಂದೆ ಇದೇ ಮಾತು ಇನ್ನೊಂದ್ಸಲ ಹೇಳ್ತಾನೆ. ಆಮೇಲೆ ಪ್ರತಿ ಮಳೆಗೂ ಆ ಗೋಡೆ ಕನಸಿನಾಗೆ ಬೀಳ್ಲಿ. ನಿನ್ನ ಲೋಟ ಕುಡಿದಿದ್ರೆ ಸಂಜೆಯೊಳಗೆ ಪಾರಾಗ್ತಿದ್ದ."

ಹೊರಗೆ ಬೀದಿ ತುಂಬಿತ್ತು. ಮಾತು ಹೇಗೋ ಹಬ್ಬಿ, ಕಟ್ಟೆ, ಗೋಡೆ, ಗಾಡಿಗಳ ಮೇಲೆಲ್ಲ ಜನ ಹತ್ತಿದ್ದರು. ನಾಗರಾಜಪ್ಪನನ್ನು ಮೊದಲು ಕರೆತಂದಾಗ ಯಾರೋ ಒಬ್ಬರು ಹಿಡಿ ಮಣ್ಣು ತೂರಿದರು, ಆಮೇಲೆ ಎಲ್ಲರೂ. ಪೇದೆಗಳು ಅವನನ್ನು ಜೀಪಿನ ಹಿಂದಕ್ಕೆ ತಳ್ಳಬೇಕಾಯಿತು.

ಕಸ್ತೂರಮ್ಮ ಬಾಗಿಲಿಗೆ ಬಂದು ಜನರನ್ನು ಕಂಡು ನಿಂತಳು. ಗಾದ್ರಮ್ಮ ಅಲ್ಲೇ ಇದ್ದಳು. ಹೊಡೆಯುತ್ತಾಳೆಂದು ನಾನು ಅಂದುಕೊಂಡೆ. ಕೈ ಎತ್ತಿದಳು ಕೂಡ. ಎತ್ತಿದ ಕೈಯಿಂದ ಕಸ್ತೂರಮ್ಮನ ಸುಟ್ಟಿರದ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಎದುರಿಗಿದ್ದವರನ್ನು ಭುಜದಿಂದ ತಳ್ಳಿಕೊಂಡು ದಾರಿ ಮಾಡಿದಳು.

"ಮೊದ್ಲು ನನ್ನ ಮಗನ್ನ ಬಿಡಿಸ್ಕೊಂಡು ಬರ್ತೀನಿ" ಎಂದಳು, ಅವಳ ಮುಖ ನೋಡದೆ. "ನಿನ್ನ ಮೇಲಿನ ಸಿಟ್ಟು ಆಮೇಲೆ. ಈಗ ನಡಿ."